ಗುಲಾಮರ ಒಡೆಯನ ಪರ ನಿಂತ ವಕೀಲ ಲಿಂಕನ್: ಇದನ್ನು ಹೇಗೆ ಅರ್ಥ ಮಾಡಿಕೊಳ್ಳೋದು?

ಹೇಮಾವತಿ ದಂಡೆ:
ಮಗಳಿಗೆ ಶಾಲೆಯಲ್ಲಿ ಭಾಷಣ ಸ್ಪರ್ಧೆ ಇದೆ. 'ನನ್ನ ಮೆಚ್ಚಿನ ನಾಯಕ' ಅಂತ ವಿಷಯ. ಅವಳು ಅಬ್ರಹಾಂ ಲಿಂಕನ್‌ನನ್ನು ಆರಿಸಿಕೊಂಡಳು. ಮರದ ದಿಮ್ಮಿಯ ಗುಡಿಸಲು, ಒಲೆಯ ಬೆಳಕಲ್ಲಿ ಓದು, ಆಮೇಲೆ ಅಧ್ಯಕ್ಷ, ಗುಲಾಮರ ಬಿಡುಗಡೆ, ಕೊನೆಗೆ ಗುಂಡೇಟು. ಇಷ್ಟು ನಮಗೆಲ್ಲ ಬಾಯಿಪಾಠ. "ಗುಡಿಸಲಿಗೂ ಅಧ್ಯಕ್ಷರ ಮನೆಗೂ ನಡುವೆ ಏನು ಮಾಡ್ತಿದ್ದ?" ಅಂತ ಕೇಳಿದಳು. ವಕೀಲ ಅಂದೆ. "ಯಾವ ಕೇಸು?" ಅಂದಳು. ನನಗೆ ಒಂದೂ ಗೊತ್ತಿರಲಿಲ್ಲ.

ಹುಡುಕಲು ಕೂತಾಗ ಸಿಕ್ಕಿದ್ದು ಇದು. 1847ರ ಅಕ್ಟೋಬರ್, ಇಲಿನಾಯ್ ರಾಜ್ಯದ ಚಾರ್ಲ್ಸ್‌ಟನ್ ಊರು. ರಾಬರ್ಟ್ ಮ್ಯಾಟ್ಸನ್ ಅಂತ ಕೆಂಟಕಿಯ ಒಬ್ಬ ಜಮೀನ್ದಾರ. ಇಲಿನಾಯ್‌ನಲ್ಲೂ ಅವನಿಗೆ ಹೊಲ ಇತ್ತು. ಕೆಂಟಕಿಯಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದು, ಇಲಿನಾಯ್‌ನಲ್ಲಿ ಆಗಲ್ಲ. ಅದಕ್ಕೆ ಇವನು ಬಿತ್ತನೆಗೆ ಗುಲಾಮರನ್ನು ಕರೆತರೋದು, ಕೊಯ್ಲು ಮುಗಿದ ಮೇಲೆ ವಾಪಸ್ ಸಾಗಿಸೋದು ಮಾಡುತ್ತಿದ್ದ. ಆದರೆ ಜೇನ್ ಬ್ರಯಂಟ್ ಎಂಬ ಹೆಂಗಸು ಮತ್ತು ಅವಳ ನಾಲ್ಕು ಮಕ್ಕಳು ವಾಪಸ್ ಹೋಗದೆ ಅಲ್ಲೇ ಉಳಿದಿದ್ದರು. ಗಂಡ ಆಂಥೊನಿ ಸ್ವತಂತ್ರ, ಹೊಲದ ಮೇಸ್ತ್ರಿ. ಮ್ಯಾಟ್ಸನ್ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸು ಒಂದು ದಿನ ಜಗಳದಲ್ಲಿ, ನಿಮ್ಮನ್ನು ದಕ್ಷಿಣಕ್ಕೆ ಕಳಿಸಿ ಮಾರಿಸ್ತೀನಿ ಅಂತ ಹೆದರಿಸಿದಳು. ಇವರು ಮಕ್ಕಳನ್ನು ಕಟ್ಟಿಕೊಂಡು ಓಡಿಹೋದರು. ಈಗಿನ ಓಕ್‌ಲ್ಯಾಂಡ್ ಊರಿನ ಡಾಕ್ಟರ್ ರದರ್‌ಫರ್ಡ್ ಮತ್ತು ಆಶ್‌ಮೋರ್ ಎಂಬ ಹೋಟೆಲಿನವನು ಜಾಗ ಕೊಟ್ಟರು. ಮ್ಯಾಟ್ಸನ್ ಕೋರ್ಟಿಗೆ ಹೋಗಿ ತಾಯಿ ಮಕ್ಕಳನ್ನು ಜೈಲಿಗೆ ಹಾಕಿಸಿದ.

ಮ್ಯಾಟ್ಸನ್ ಪರ ವಾದ ಮಾಡಿದ ವಕೀಲರಲ್ಲಿ ಒಬ್ಬ ಲಿಂಕನ್. ಆತ ಸೋತ, ಬ್ರಯಂಟ್ ಸಂಸಾರಕ್ಕೆ ಬಿಡುಗಡೆ ಸಿಕ್ಕಿತು. ಗೆದ್ದಿದ್ದರೆ?

ಮಗಳಿಗೆ ಇನ್ನೂ ಹೇಳಿಲ್ಲ. ನೀವೇನಂತೀರಿ?

ಕರಿಕೋಟು:
ನಾನು 22 ವರ್ಷದಿಂದ ಜಿಲ್ಲಾ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಈ ಪ್ರಶ್ನೆ ಬೇರೆ ರೂಪದಲ್ಲಿ ವಾರಕ್ಕೊಮ್ಮೆ ಕೇಳಿಸಿಕೊಳ್ಳುತ್ತೇನೆ. "ಅಂಥವನ ಪರ ಹೇಗೆ ವಕಾಲತ್ತು ಹಾಕಿದಿರಿ ಸಾರ್?"

ಲಿಂಕನ್ ಅವರು ಸುಮಾರು 24 ವರ್ಷ ವಕೀಲಿಕೆ ಮಾಡಿದರು. 5 ಸಾವಿರಕ್ಕೂ ಜಾಸ್ತಿ ಕೇಸುಗಳ ದಾಖಲೆ ಸಿಕ್ಕಿದೆ. ಅದರಲ್ಲಿ ಬಹುಪಾಲು ಸಾಲ ವಸೂಲಿ. ಪ್ರಾಮಿಸರಿ ನೋಟು, ಬೇಲಿ ಜಗಳ, ಹಂದಿ ಜಗಳ, ಡೈವೋರ್ಸ್, ಮಾನನಷ್ಟ. ಯಾವ ಕಕ್ಷಿ ಮೊದಲು ಬಂದರೋ ಅವರ ಪರ. ಇವತ್ತು ಸಾಲ ಕೊಟ್ಟವನ ವಕೀಲ, ನಾಳೆ ಸಾಲ ಮಾಡಿದವನ ವಕೀಲ. ಒಂದು ಕೇಸಿನಲ್ಲಿ ರೈಲ್ವೆ ಪರ, ಇನ್ನೊಂದರಲ್ಲಿ ರೈಲ್ವೆ ವಿರುದ್ಧ. ಆಗಿನ ಹುಲ್ಲುಗಾವಲು ಸೀಮೆಯಲ್ಲಿ ವಕೀಲನಾದವನು ಕಕ್ಷಿಯ ಜಾತಕ ನೋಡಿ ಕೇಸು ತಗೊಂಡರೆ ಉಪವಾಸ ಬೀಳುತ್ತಿದ್ದ.

ಮ್ಯಾಟ್ಸನ್ ಮೊದಲೇ ಮಾತಾಡಿಕೊಂಡಿದ್ದ. ಆಮೇಲೆ ಡಾಕ್ಟರ್ ರದರ್‌ಫರ್ಡ್ ಬಂದು ನಮ್ಮ ಪರ ನಿಲ್ಲಿ ಅಂದಾಗ ಲಿಂಕನ್ ಮುಖ ಸಣ್ಣಗೆ ಮಾಡಿಕೊಂಡು, ಆಗಲೇ ಮಾತು ಕೊಟ್ಟಾಗಿದೆ ಅಂದರಂತೆ. ಇದನ್ನು ಹೇಳಿದ್ದು ಡಾಕ್ಟರೇ, ಎಷ್ಟೋ ವರ್ಷದ ಮೇಲೆ. ವಕೀಲನಿಗೆ ಕೊಟ್ಟ ಮಾತು ಅಂದರೆ ಮಾತೇ.

ಉಪ್ಪು ಖಾರ:
ಕರಿಕೋಟು ಸಾರ್, ನೀವು ಲಿಂಕನ್‌ಗೆ ಬಹುವಚನ ಹಾಕಿದಾಗಲೇ ತೀರ್ಪು ಗೊತ್ತಾಯ್ತು.

ಹಂದಿ ಜಗಳಕ್ಕೂ ನಾಲ್ಕು ಮಕ್ಕಳ ತಾಯಿಯನ್ನು ಗುಲಾಮಗಿರಿಗೆ ವಾಪಸ್ ಕಳಿಸೋದಕ್ಕೂ ವ್ಯತ್ಯಾಸ ಇಲ್ವಾ? ಅದೇ ಡಾಕ್ಟರ್ ಇನ್ನೊಂದು ಮಾತೂ ಹೇಳಿದ್ದಾನೆ, ನೀವು ಬಿಟ್ಟಿರಿ. ಆಮೇಲೆ ಲಿಂಕನ್ ಜನ ಕಳಿಸಿ, ಮ್ಯಾಟ್ಸನ್ ಕೈಯಿಂದ ಬಿಡಿಸಿಕೊಂಡು ನಿಮ್ಮ ಕಡೆ ಬರಬಹುದು ಅಂದನಂತೆ. ಡಾಕ್ಟರಿಗೆ ಅಷ್ಟೊತ್ತಿಗೆ ರೇಗಿತ್ತು, ಬೇರೆ ವಕೀಲನನ್ನು ಗೊತ್ತು ಮಾಡಿಕೊಂಡಾಗಿತ್ತು. ಅಂದರೆ ಬಿಡಿಸಿಕೊಳ್ಳೋಕೆ ದಾರಿ ಇತ್ತು. ಬಿಡಿಸಿಕೊಳ್ಳಲಿಲ್ಲ, ಅಷ್ಟೇ. ಕೋರ್ಟಿಗೆ ಹೋಗಿ ನಿಂತ.

ತುಂಗೆಯ ಮೇಷ್ಟ್ರು:
ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಎರಡು ಕಡೆಯೂ ಸ್ವಲ್ಪ ಸ್ವಲ್ಪ ಬಿಟ್ಟು ಹೇಳುತ್ತಿದ್ದೀರಿ.

ಇದಕ್ಕೆ ಹತ್ತು ವರ್ಷ ಮುಂಚೆ, 1837ರ ಜನವರಿಯಲ್ಲಿ, ಲಿಂಕನ್ ಇಲಿನಾಯ್ ಶಾಸನಸಭೆಯಲ್ಲಿದ್ದ. ವಯಸ್ಸು 27. ಗುಲಾಮಗಿರಿ ತೊಲಗಲಿ ಅನ್ನುವ ಸಂಘಗಳನ್ನು ಬೈದು ಸಭೆ ಒಂದು ಗೊತ್ತುವಳಿ ಮಾಡಿತು. 77 ಜನ ಪರ, 6 ಜನ ವಿರುದ್ಧ. ಆ ಆರರಲ್ಲಿ ಲಿಂಕನ್ ಒಬ್ಬ. ಅಷ್ಟಕ್ಕೇ ಬಿಡದೆ ಮಾರ್ಚ್‌ನಲ್ಲಿ ಡ್ಯಾನ್ ಸ್ಟೋನ್ ಎಂಬ ಇನ್ನೊಬ್ಬ ಸದಸ್ಯನ ಜೊತೆ ಸೇರಿ ಬರೆದುಕೊಟ್ಟ: ಗುಲಾಮಗಿರಿ ಅನ್ಯಾಯದ ಮೇಲೆ, ಕೆಟ್ಟ ನೀತಿಯ ಮೇಲೆ ನಿಂತಿದೆ ಅಂತ. ಅದೇ ಕಾಗದದಲ್ಲಿ, ಆ ಸಂಘಗಳ ಪ್ರಚಾರದಿಂದ ಕೇಡು ಕಡಿಮೆ ಆಗೋದಕ್ಕಿಂತ ಜಾಸ್ತಿ ಆಗುತ್ತೆ ಅಂತಲೂ ಬರೆದ. ಇಡೀ ಲಿಂಕನ್ ಈ ಎರಡು ಸಾಲಿನಲ್ಲಿದ್ದಾನೆ ಅಂತ ನನಗೆ ಯಾವಾಗಲೂ ಅನ್ನಿಸಿದೆ.

1841ರಲ್ಲಿ ಇನ್ನೊಂದು ಕೇಸು. ಪೀಕಿನ್ ಊರಿನ ನ್ಯಾನ್ಸ್ ಎಂಬ ಕಪ್ಪು ಹುಡುಗಿಯನ್ನು ಕ್ರಾಮ್‌ವೆಲ್ ಎಂಬುವನು ಬೇಯ್ಲಿ ಎಂಬುವನಿಗೆ ಮಾರಿದ್ದ. ದುಡ್ಡಿಗೆ ನೋಟು ಬರೆಸಿಕೊಂಡಿದ್ದ. ಲಿಂಕನ್ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ: ಇಲಿನಾಯ್‌ನಲ್ಲಿ ಮನುಷ್ಯ ಸ್ವತಂತ್ರ ಅನ್ನೋದೇ ಮೊದಲ ಮಾತು. ಸ್ವತಂತ್ರ ಮನುಷ್ಯರನ್ನು ಮಾರೋಕೆ ಬರಲ್ಲ. ಮಾರಾಟವೇ ಇಲ್ಲದ ಮೇಲೆ ನೋಟಿಗೆ ಬೆಲೆ ಇಲ್ಲ. ಗೆದ್ದ. ನ್ಯಾನ್ಸ್ ಸ್ವತಂತ್ರಳು ಅಂತ ಆಯಿತು.

ಆರು ವರ್ಷದ ಮೇಲೆ ಅದೇ ಮನುಷ್ಯ ಮ್ಯಾಟ್ಸನ್ ಪರ ನಿಲ್ಲುತ್ತಾನೆ. ಕಾನೂನು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಆ ಕಾನೂನು ಮಾಡಿಸಿದವರಲ್ಲಿ ಇವನೇ ಒಬ್ಬ.

ಉಪ್ಪು ಖಾರ:
ಮೇಷ್ಟ್ರೇ, ಆ 1841ರ ಕೇಸಿನಲ್ಲಿ ಲಿಂಕನ್ ಕಕ್ಷಿ ಯಾರು? ನ್ಯಾನ್ಸ್ ಅಲ್ಲ. ಬೇಯ್ಲಿ. ದುಡ್ಡು ಕೊಡೋಕೆ ಇಷ್ಟ ಇಲ್ಲದ ಖರೀದಿದಾರ. ಹುಡುಗಿಯ ಬಿಡುಗಡೆ ಅನ್ನೋದು ನೋಟಿನ ಕೇಸಿಗೆ ಕೊಸರು.

ತುಂಗೆಯ ಮೇಷ್ಟ್ರು:
ಸರಿ. ಅದು ನಾನು ಮೊದಲೇ ಹೇಳಬೇಕಿತ್ತು. ಪಾಠದಲ್ಲಿ ನಾನೂ ಅದನ್ನು ಬಿಟ್ಟೇ ಹೇಳುತ್ತಿದ್ದೆ.

ಪ್ರೇರಿ ಕನ್ನಡಿಗ:
ಇಲಿನಾಯ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಇಲ್ಲಿ ಊರಿಗೊಂದು 'ಲಿಂಕನ್ ಇಲ್ಲಿ ಮಲಗಿದ್ದ, ಇಲ್ಲಿ ವಾದಿಸಿದ್ದ' ಫಲಕ. ಬೇಸಿಗೆ ರಜೆಯಲ್ಲಿ ಮನೆಗೆ ನೆಂಟರು ಬಂದರೆ ತೋರಿಸೋಕೆ ಬೇರೆ ಏನೂ ಇಲ್ಲ, ಜೋಳದ ಹೊಲ ಮತ್ತು ಲಿಂಕನ್. ಹಾಗಾಗಿ ಸುಮಾರು ನೋಡಿದ್ದೇನೆ.

ಆತ 1831ರಲ್ಲಿ ನ್ಯೂ ಸೇಲಂ ಎಂಬ ಹಳ್ಳಿಗೆ ಬಂದಾಗ ವಯಸ್ಸು 22. ಶಾಲೆಗೆ ಹೋಗಿದ್ದು ಎಲ್ಲ ಸೇರಿಸಿದರೂ ಒಂದು ವರ್ಷ ಇಲ್ಲ. ಒಬ್ಬನ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟ. ಅಂಗಡಿ ಮುಳುಗಿತು, ಪಾಲುದಾರ ಸತ್ತ, ಸಾಲ ಪೂರ್ತಿ ಇವನ ತಲೆಗೆ ಬಂತು. ಅದಕ್ಕೆ 'ನ್ಯಾಷನಲ್ ಡೆಟ್' ಅಂತ ತಾನೇ ಹೆಸರಿಟ್ಟಿದ್ದ. ದೇಶದ ಸಾಲ! ಅದು ತೀರೋಕೆ ವರ್ಷಗಟ್ಟಲೆ ಹಿಡಿಯಿತು. ಪೋಸ್ಟ್ ಮಾಸ್ಟರ್ ಕೆಲಸ ಮಾಡಿದ, ಜಮೀನು ಅಳೆಯುವ ಕೆಲಸ ಕಲಿತ. ಸಾಲ ಕೊಟ್ಟವರು ಆ ಅಳತೆಯ ಸಾಮಾನನ್ನೂ ಹರಾಜಿಗೆ ಹಾಕಿಸಿದರು. ಊರಿನ ಒಬ್ಬ ಗೆಳೆಯ ಅದನ್ನು ಹರಾಜಿನಲ್ಲಿ ಕೂಗಿ ತಂದು ವಾಪಸ್ ಕೊಟ್ಟ. ಕಾನೂನು ಓದಿದ್ದು ಸ್ಟುವರ್ಟ್ ಎಂಬ ವಕೀಲನ ಹತ್ತಿರ ಪುಸ್ತಕ ಎರವಲು ತಂದು, ಒಬ್ಬನೇ. 1836ರಲ್ಲಿ ಲೈಸೆನ್ಸ್, 1837ರಲ್ಲಿ ಸ್ಪ್ರಿಂಗ್‌ಫೀಲ್ಡ್ ಊರಿಗೆ. ಹಾಸಿಗೆ ಕೊಳ್ಳೋಕೆ ದುಡ್ಡಿಲ್ಲದೆ ಅಂಗಡಿಯವನ ಹಾಸಿಗೆಯಲ್ಲೇ ಪಾಲು.

ಆಮೇಲೆ ಸರ್ಕ್ಯೂಟ್. ಜಡ್ಜು ಊರೂರು ಸುತ್ತುತ್ತಿದ್ದರು, ವಕೀಲರು ಅವರ ಹಿಂದೆ. ವರ್ಷಕ್ಕೆ ಎರಡು ಸಲ, ಒಂದೊಂದು ಸಲ ತಿಂಗಳುಗಟ್ಟಲೆ. ಕುದುರೆ ಮೇಲೆ, ಇಲ್ಲಾಂದ್ರೆ ಮುರುಕಲು ಬಗ್ಗಿಯಲ್ಲಿ, ಸೇತುವೆ ಇಲ್ಲದ ಹಳ್ಳ ದಾಟಿಕೊಂಡು. ಛತ್ರದಂಥ ಹೋಟೆಲಿನಲ್ಲಿ ಒಂದು ಹಾಸಿಗೆಗೆ ಇಬ್ಬರು. ಜಡ್ಜ್ ಡೇವಿಡ್ ಡೇವಿಸ್ ಮಾತ್ರ 300 ಪೌಂಡ್ ತೂಕದ ಆಸಾಮಿ, ಆತನಿಗೆ ಪೂರ್ತಿ ಹಾಸಿಗೆ. ಕಕ್ಷಿದಾರರು ಕೋರ್ಟಿನ ಬಾಗಿಲಲ್ಲೇ ಹಿಡಿದುಕೊಳ್ಳುತ್ತಿದ್ದರು. ಕೇಸು ಅರ್ಥ ಮಾಡಿಕೊಳ್ಳೋಕೆ ಒಂದೊಂದು ಸಲ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಲಿಂಕನ್ ಕಾಗದಗಳನ್ನು ಉದ್ದನೆ ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಆಫೀಸಿನಲ್ಲಿ ಒಂದು ಕಟ್ಟಿನ ಮೇಲೆ 'ಬೇರೆಲ್ಲೂ ಸಿಗದಿದ್ದರೆ ಇಲ್ಲಿ ನೋಡು' ಅಂತ ಬರೆದಿಟ್ಟಿದ್ದ. ಇದು ಓದಿದಾಗ ನನಗೆ ಸಮಾಧಾನ ಆಯಿತು, ನನ್ನ ಮೇಜೂ ಹಾಗೇ ಇದೆ.

ಬಾಗಿಲಲ್ಲಿ ಹಿಡಿದುಕೊಂಡ ಕಕ್ಷಿಗೆ ಹೂಂ ಅನ್ನೋದು ಅವತ್ತಿನ ರೂಢಿ. ಕ್ಷಮೆ ಕೊಡಿ ಅಂತ ಅಲ್ಲ, ಆದರೆ ಮ್ಯಾಟ್ಸನ್ ಕೇಸನ್ನು ಇವತ್ತಿನ ಏಸಿ ಆಫೀಸಿನ ವಕೀಲನ ಹಾಗೆ ಯೋಚಿಸಬೇಡಿ.

ಹೇಮಾವತಿ ದಂಡೆ:
ಅಂದಹಾಗೆ ಮಗಳ ಭಾಷಣದಲ್ಲಿ 'ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ' ಇದೆ. ಅವಳ ಶಾಲೆಯ ಗೋಡೆ ಮೇಲೂ ಇದೆ. ಅದಾದರೂ ನಿಜ ತಾನೇ?

ತುಂಗೆಯ ಮೇಷ್ಟ್ರು:
ಅಲ್ಲ. ಲಿಂಕನ್ ಬರಹಗಳ ಸಂಗ್ರಹದಲ್ಲಿ ಅದು ಎಲ್ಲೂ ಇಲ್ಲ. ಕನ್ನಡದಲ್ಲಿ ಶಿಕ್ಷಕರ ದಿನ ಬಂದರೆ ಸಾಕು, ಫೋನಿಗೆ ಹತ್ತು ಸಲ ಬರುತ್ತೆ. ನಾನೂ ಒಂದು ಕಾಲದಲ್ಲಿ ತರಗತಿಯಲ್ಲಿ ಓದಿ ಹೇಳಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆ.

ನಿಜವಾದ ಪತ್ರ ಬೇಕಾದರೆ ಇದೆ. 1855ರಲ್ಲಿ ಐಶಮ್ ರೀವಿಸ್ ಎಂಬ ಯುವಕ, ನಿಮ್ಮ ಹತ್ತಿರ ಕಾನೂನು ಕಲಿಯಬೇಕು ಅಂತ ಬರೆದ. ಲಿಂಕನ್ ಉತ್ತರ ಚಿಕ್ಕದು. ನಾನು ಊರಲ್ಲೇ ಇರಲ್ಲ, ನನ್ನ ಹತ್ತಿರ ಕಲಿಯೋಕೆ ಆಗಲ್ಲ. ವಕೀಲ ಆಗಲೇಬೇಕು ಅಂತ ಗಟ್ಟಿ ಮಾಡಿಕೊಂಡಿದ್ದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಗಲೇ ಆದ ಹಾಗೆ. ಯಾರ ಹತ್ತಿರ ಓದುತ್ತೀಯ ಅನ್ನೋದು ಸಣ್ಣ ವಿಷಯ, ನಾನು ಯಾರ ಹತ್ತಿರವೂ ಓದಲಿಲ್ಲ. ಪುಸ್ತಕ ತಗೋ, ಓದು. ಇಷ್ಟೇ. ಆ ಸುಳ್ಳು ಪತ್ರದಲ್ಲಿರುವ ಹೂವಿಲ್ಲ, ಜೇನುನೊಣ ಇಲ್ಲ. ಮಗಳಿಗೆ ಇದನ್ನು ಕೊಡಿ.

ಹತ್ತಿಕಾಳು:
ಹುಬ್ಬಳ್ಳಿಯವನು. ಸ್ವಲ್ಪ ದಾರಿ ತಪ್ಪಿಸ್ತೀನಿ, ಬೈಬೇಡಿ. ಲಿಂಕನ್ ಅಧ್ಯಕ್ಷ ಆಗಿ, 1861ರಲ್ಲಿ ದಕ್ಷಿಣದ ಗುಲಾಮಗಿರಿ ರಾಜ್ಯಗಳ ಜೊತೆ ಅಂತರ್ಯುದ್ಧ ಶುರುವಾಗಿ, ಅಲ್ಲಿನ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಅವರು ನಮ್ಮ ಕಡೆ ತಿರುಗಿದರು. 'ಧಾರವಾಡ ಅಮೆರಿಕನ್' ಅಂತ ಒಂದು ಹತ್ತಿ ತಳಿ ಇತ್ತು, 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ತೋಟಗಾರರನ್ನು ಕರೆಸಿ ಬೆಳೆಸಿದ್ದು. ಬೀಜ ನ್ಯೂ ಆರ್ಲಿಯನ್ಸ್ ಕಡೆಯದು. ಯುದ್ಧದ ನಾಲ್ಕು ವರ್ಷ ಅದರ ಬೆಲೆ ಆಕಾಶಕ್ಕೆ ಹೋಯಿತು. 1865ರಲ್ಲಿ ಯುದ್ಧ ಮುಗಿದ ಕೂಡಲೇ ನೆಲಕ್ಕೆ ಬಿತ್ತು. ಗುಲಾಮರು ಬೆಳೆದ ಹತ್ತಿ ನಿಂತಿದ್ದಕ್ಕೆ ನಮ್ಮ ರೈತರಿಗೆ ದುಡ್ಡು ಬಂತು, ಅದು ಮತ್ತೆ ಶುರುವಾಗುತ್ತೆ ಅಂದಾಗ ಹೋಯಿತು. ಲಿಂಕನ್ ಇಲಿನಾಯ್‌ನಲ್ಲೇ ವಕೀಲನಾಗಿ ಉಳಿದಿದ್ದರೆ ನಮ್ಮ ಕಡೆ ಕೆಲವು ಕಲ್ಲಿನ ಮನೆಗಳು ಏಳುತ್ತಿರಲಿಲ್ಲವೇನೋ.

ಕರಿಕೋಟು:
ದಾರಿ ತಪ್ಪಿದರೂ ಚೆನ್ನಾಗಿತ್ತು. ಈಗ ವಾಪಸ್ ಕೋರ್ಟಿಗೆ.

ವಕೀಲನಾಗಿ ಲಿಂಕನ್ ಎಂಥವರು ಅನ್ನೋದನ್ನು ಒಂದು ಕೇಸಿನಿಂದ ಅಳೆಯೋದಾದರೆ ನಾನು 1858ರ ಮೇ 7 ಅನ್ನು ಇಡುತ್ತೇನೆ. ಬಿಯರ್ಡ್ಸ್‌ಟೌನ್. ಡಫ್ ಆರ್ಮ್‌ಸ್ಟ್ರಾಂಗ್ ಎಂಬ ಯುವಕನ ಮೇಲೆ ಕೊಲೆ ಆರೋಪ. ಹಿಂದಿನ ವರ್ಷ ಆಗಸ್ಟ್ 29ರ ರಾತ್ರಿ, ಒಂದು ಧಾರ್ಮಿಕ ಶಿಬಿರದ ಹತ್ತಿರ ಕುಡಿದು ಜಗಳವಾಗಿ ಮೆಟ್ಸ್‌ಕರ್ ಎಂಬುವನಿಗೆ ಏಟು ಬಿದ್ದಿತ್ತು, ಆಮೇಲೆ ಆತ ಸತ್ತ. ಜೊತೆ ಆರೋಪಿಗೆ ಆಗಲೇ ಶಿಕ್ಷೆ ಆಗಿತ್ತು. ಮುಖ್ಯ ಸಾಕ್ಷಿ ಚಾರ್ಲ್ಸ್ ಆಲನ್.

ಲಿಂಕನ್ ಪಾಟೀ ಸವಾಲು ನಿಧಾನವಾಗಿ ಶುರು ಮಾಡುತ್ತಾರೆ. ಎಷ್ಟು ದೂರದಲ್ಲಿ ನಿಂತಿದ್ದಿರಿ? ನೂರೈವತ್ತು ಅಡಿ. ಗಂಟೆ ಎಷ್ಟು? ಹನ್ನೊಂದು. ಕತ್ತಲಲ್ಲಿ ಹೇಗೆ ಕಾಣಿಸಿತು? ಬೆಳದಿಂಗಳು ಜೋರಾಗಿತ್ತು. ಚಂದ್ರ ಎಲ್ಲಿದ್ದ? ಬೆಳಗ್ಗೆ ಹತ್ತು ಗಂಟೆಗೆ ಸೂರ್ಯ ಇರುವಷ್ಟು ಎತ್ತರ. ಇದನ್ನೇ ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಆಲನ್ ಪ್ರತಿ ಸಲ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾನೆ. ಮೊಳೆ ಪೂರ್ತಿ ಒಳಗೆ ಹೋದ ಮೇಲೆ ಪಂಚಾಂಗ ಹೊರಗೆ ಬರುತ್ತದೆ. ಅವತ್ತು ಚಂದ್ರ ಮಧ್ಯರಾತ್ರಿ ದಾಟಿದ ಕೆಲವೇ ನಿಮಿಷಕ್ಕೆ ಮುಳುಗಿದ್ದ. ಹನ್ನೊಂದಕ್ಕೆ ನೆತ್ತಿ ಹತ್ತಿರ ಇರೋದು ಹೇಗೆ, ಪಡುವಣ ಅಂಚಿಗೆ ಜಾರಿದ್ದ. ಜ್ಯೂರಿಯವರು ನಕ್ಕರಂತೆ. ಡಫ್ ಬಿಡುಗಡೆ.

ಸಾಕ್ಷಿಯನ್ನು ಸುಳ್ಳುಗಾರ ಅಂತ ಒಂದು ಸಲವೂ ಬೈಯದೆ ಬೀಳಿಸೋದು ಹೇಗೆ ಅನ್ನೋದಕ್ಕೆ ನಾನು ಜೂನಿಯರ್‌ಗಳಿಗೆ ಇದನ್ನೇ ಹೇಳೋದು. ಫೀಸು? ಒಂದು ಕಾಸೂ ಇಲ್ಲ. ಡಫ್ ತಾಯಿ ಹ್ಯಾನಾ ವಿಧವೆ. ನ್ಯೂ ಸೇಲಂನಲ್ಲಿ ಇವರಿಗೆ ಗತಿ ಇಲ್ಲದಾಗ ಅನ್ನ ಹಾಕಿ ಬಟ್ಟೆ ಹೊಲಿದುಕೊಟ್ಟವಳು.

ಪ್ರೇರಿ ಕನ್ನಡಿಗ:
ಆ ಕೋರ್ಟ್ ರೂಮು ಈಗಲೂ ಇದೆ. ಮಹಡಿ ಮೇಲೆ. ನಾನು ಹೋದಾಗ ಬೇರೆ ಯಾರೂ ಇರಲಿಲ್ಲ. ನಮ್ಮ ಊರಿನ ಹಳೇ ಪ್ರೈಮರಿ ಶಾಲೆಯ ಕೋಣೆಯಷ್ಟು ಇದೆ, ಅಷ್ಟೇ. ನಾನು ದೊಡ್ಡ ಹಾಲ್ ಅಂತ ಊಹಿಸಿದ್ದೆ. ಸಾಕ್ಷಿ ಕೂತ ಕಡೆಯಿಂದ ಜ್ಯೂರಿ ಕೈಗೆಟಕುವಷ್ಟು ಹತ್ತಿರ. ಆಲನ್‌ಗೆ ಅಷ್ಟು ಹತ್ತಿರದಲ್ಲಿ ಹನ್ನೆರಡು ಜನ ನಕ್ಕರೆ ಹೇಗಾಗಿರಬೇಕು!

ಹ್ಯಾನಾ ಗಂಡ ಜಾಕ್, ಲಿಂಕನ್ ಹಳ್ಳಿಗೆ ಬಂದ ಹೊಸದರಲ್ಲಿ ಕುಸ್ತಿಗೆ ಕರೆದವನು. ಯಾರು ಗೆದ್ದರು ಅನ್ನೋದಕ್ಕೆ ಹೇಳುವವರ ಸಂಖ್ಯೆಯಷ್ಟೇ ಕಥೆ ಇದೆ. ಆಮೇಲೆ ಜೀವದ ಗೆಳೆಯರು.

ಉಪ್ಪು ಖಾರ:
ಚೆಂದದ ಕಥೆ. ಒಪ್ಪಿದೆ. ಆದರೆ ನೋಡಿ, ಇದರಿಂದ ಏನು ಗೊತ್ತಾಯ್ತು? ಹ್ಯಾನಾ ಗುರುತಿನವಳು, ಅನ್ನ ಹಾಕಿದವಳು. ಅವಳಿಗೆ ಬಿಟ್ಟಿ ವಾದ. ಜೇನ್ ಬ್ರಯಂಟ್ ಗುರುತಿಲ್ಲದವಳು, ಕಪ್ಪು ಹೆಂಗಸು. ಅವಳ ಮೇಲೆ ವಾದ. ಮನಸ್ಸು ಮಾಡಿದರೆ ಫೀಸು ಬಿಡೋಕೆ ಬರುತ್ತಿತ್ತು ಅಂತ ನೀವೇ ತೋರಿಸಿದಿರಿ.

ನನ್ನ ಕಹಿಗೆ ಕಾರಣ ಹೇಳಿಬಿಡ್ತೀನಿ. ನಮ್ಮ ತಾತನ ಗೇಣಿ ಜಮೀನಿನ ಕೇಸು. ಊರಿಗೆಲ್ಲ ಬೇಕಾದ ಒಬ್ಬ ವಕೀಲರಿದ್ದರು. ಬಡವರ ಪರ ಭಾಷಣ, ಖಾದಿ, ಎಲ್ಲ ಇತ್ತು. ತಾತ ಅವರ ಮನೆಗೆ ಹೋದಾಗ ಎದುರು ಪಾರ್ಟಿ ಆಗಲೇ ಬಂದು ಹೋಗಿತ್ತು. "ಏನ್ ಮಾಡ್ಲಪ್ಪ, ಮಾತು ಕೊಟ್ಟುಬಿಟ್ಟೆ" ಅಂದರಂತೆ. ಕಾಫಿ ಕೊಟ್ಟು ಕಳಿಸಿದರು. ಕೋರ್ಟಿನಲ್ಲಿ ತಾತನನ್ನು ನಿಲ್ಲಿಸಿ ಚಿಂದಿ ಮಾಡಿದರು. ಜಮೀನು ಹೋಯಿತು. ತಾತ ಸಾಯುವವರೆಗೂ ಆ ಕಾಫಿ ವಿಷಯ ಹೇಳುತ್ತಿದ್ದರು, ಜಮೀನಿನ ವಿಷಯ ಅಲ್ಲ. ಹಾಗಾಗಿ 'ಮಾತು ಕೊಟ್ಟಾಗಿತ್ತು' ಅಂದರೆ ನನಗೆ ಮೈ ಉರಿಯುತ್ತೆ.

ಕರಿಕೋಟು:
ಅರ್ಥ ಆಗುತ್ತೆ. ನಿಜವಾಗಲೂ. ನಾನೂ ಅಂಥ ಕಾಫಿ ಕೊಟ್ಟು ಕಳಿಸಿದ್ದೇನೆ.

ಆದರೆ ಇನ್ನೊಂದು ನೋಡಿ. ಲಿಂಕನ್ ಚಾರ್ಲ್ಸ್‌ಟನ್‌ನಲ್ಲಿ ಹೇಗೆ ವಾದಿಸಿದರು ಅನ್ನೋದು. ಅಲ್ಲಿದ್ದವರು ಆಮೇಲೆ ನೆನಪಿಸಿಕೊಂಡ ಪ್ರಕಾರ ವಾದದಲ್ಲಿ ಕಸುವೇ ಇರಲಿಲ್ಲ. ಇಡೀ ಕೇಸು ನಿಂತಿದ್ದು ಒಂದೇ ಪ್ರಶ್ನೆ ಮೇಲೆ, ಇವರು ಸುಗ್ಗಿಗೆ ಬಂದು ಹೋಗುವವರೋ, ಅಲ್ಲೇ ನೆಲೆಸಿದವರೋ. ನೆಲೆಸಿದ್ದರೆ ಬಿಡುಗಡೆ. ಲಿಂಕನ್ ಆ ಪ್ರಶ್ನೆಯನ್ನು ನೇರವಾಗಿ ಹಾಗೇ ಇಟ್ಟರು. ಮುಚ್ಚಿಡಲಿಲ್ಲ. ಮ್ಯಾಟ್ಸನ್ ಪ್ರತಿ ವರ್ಷ ಒಬ್ಬ ಸಾಕ್ಷಿಯ ಎದುರು 'ಇವರು ತಾತ್ಕಾಲಿಕ' ಅಂತ ಹೇಳಿ ಇಟ್ಟಿದ್ದ, ಅದನ್ನು ಮುಂದಿಟ್ಟರು. ಜಡ್ಜ್‌ಗಳಾದ ವಿಲ್ಸನ್ ಮತ್ತು ಟ್ರೀಟ್ ನಂಬಲಿಲ್ಲ. ಮನಸ್ಸಿಲ್ಲದ ವಕೀಲ ಹೀಗೇ ವಾದಿಸೋದು.

ತುಂಗೆಯ ಮೇಷ್ಟ್ರು:
ಆ ನೆನಪುಗಳನ್ನು ನಾನು ಅಷ್ಟು ನಂಬಲ್ಲ. ಲಿಂಕನ್ ಸತ್ತು ಸಂತ ಆದ ಮೇಲೆ ಬಂದ ನೆನಪುಗಳು ಅವು. 'ನಮ್ಮ ಲಿಂಕನ್ ಮನಸ್ಸಿಟ್ಟು ವಾದಿಸಿರಲಿಕ್ಕಿಲ್ಲ' ಅಂತ ಆಗ ಎಲ್ಲರಿಗೂ ಬೇಕಾಗಿತ್ತು. ಮನಸ್ಸಿಟ್ಟು ವಾದಿಸದಿದ್ದರೆ ಅದು ಇನ್ನೊಂದು ತಪ್ಪು, ಅಲ್ವಾ ಕರಿಕೋಟು ಅವರೇ? ಕಕ್ಷಿಗೆ ಮೋಸ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಆ ಅಕ್ಟೋಬರ್‌ನಲ್ಲಿ ಲಿಂಕನ್ ಬರೀ ವಕೀಲ ಅಲ್ಲ. ಹಿಂದಿನ ವರ್ಷವೇ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆರಿಸಿ ಬಂದಿದ್ದ. ಕೇಸು ಮುಗಿದದ್ದು 16ಕ್ಕೆ. ಅದೇ ತಿಂಗಳ ಕೊನೆಯಲ್ಲಿ ಹೆಂಡತಿ ಮಕ್ಕಳ ಜೊತೆ ವಾಷಿಂಗ್ಟನ್‌ಗೆ ಹೊರಟ. ಡಿಸೆಂಬರ್‌ನಲ್ಲಿ ಅಲ್ಲಿ ಎದ್ದು ನಿಂತು, ಮೆಕ್ಸಿಕೊ ಯುದ್ಧದಲ್ಲಿ ಮೊದಲ ರಕ್ತ ಬಿದ್ದ ಜಾಗ ಯಾವುದು, ತೋರಿಸಿ ಅಂತ ಅಧ್ಯಕ್ಷನನ್ನೇ ಕೇಳಿದ. 1849ರ ಜನವರಿಯಲ್ಲಿ, ರಾಜಧಾನಿಯಲ್ಲಿ ಗುಲಾಮಗಿರಿಯನ್ನು ಪರಿಹಾರ ಕೊಟ್ಟು ನಿಧಾನವಾಗಿ ಮುಗಿಸುವ ಮಸೂದೆಯ ಕರಡು ಓದಿದ. ಬೆಂಬಲ ಸಿಗಲಿಲ್ಲ. ಮ್ಯಾಟ್ಸನ್ ಕೇಸಿಗೂ ಇದಕ್ಕೂ ಬರೀ ಹದಿನೈದು ತಿಂಗಳು. ಇದು ನನಗೆ ಇನ್ನೂ ಬಿಡಿಸಲಾಗದ ಗಂಟು.

ಪ್ರೇರಿ ಕನ್ನಡಿಗ:
ಗಂಟಿಗೆ ಇನ್ನೊಂದು ಎಳೆ ಕೊಡುತ್ತೇನೆ. ಅದೇ ಚಾರ್ಲ್ಸ್‌ಟನ್, ಹನ್ನೊಂದು ವರ್ಷದ ಮೇಲೆ. 1858ರ ಸೆಪ್ಟೆಂಬರ್ 18. ಸ್ಟೀಫನ್ ಡಗ್ಲಸ್ ಜೊತೆ ಸೆನೆಟ್ ಚುನಾವಣೆಗೆ ನಡೆದ ಏಳು ಚರ್ಚೆಗಳಲ್ಲಿ ನಾಲ್ಕನೆಯದು. ಜಾತ್ರೆ ಮೈದಾನದಲ್ಲಿ ಸಾವಿರಾರು ಜನ. ಲಿಂಕನ್ ಶುರು ಮಾಡಿದ್ದೇ ಹೀಗೆ: ಬಿಳಿಯರು ಕರಿಯರು ಸಮಾಜದಲ್ಲಿ, ರಾಜಕೀಯದಲ್ಲಿ ಸಮಾನರಾಗಬೇಕು ಅಂತ ನಾನು ಹೇಳುತ್ತಿಲ್ಲ, ಎಂದೂ ಹೇಳಿಲ್ಲ. ಅವರು ವೋಟು ಹಾಕಲಿ, ಜ್ಯೂರಿಯಲ್ಲಿ ಕೂರಲಿ ಅಂತಲೂ ಇಲ್ಲ. ಚಪ್ಪಾಳೆ ಬಿತ್ತು.

ಆ ಮೈದಾನದಲ್ಲಿ ಈಗ ಸಣ್ಣ ಮ್ಯೂಸಿಯಂ ಇದೆ. ಇಬ್ಬರ ಪ್ರತಿಮೆ ಇದೆ, ಒಬ್ಬ ಗಿಡ್ಡ, ಒಬ್ಬ ಎತ್ತರ. ನಾನು ಎಂಟು ವರ್ಷದ ಮಗನ ಜೊತೆ ಹೋಗಿದ್ದೆ. ಆ ಸಾಲನ್ನು ಅವನು ಗಟ್ಟಿಯಾಗಿ ಓದಿ, "ಇದು ಕೆಟ್ಟವನು ಹೇಳಿದ್ದಾ, ಒಳ್ಳೆಯವನು ಹೇಳಿದ್ದಾ?" ಅಂತ ಕೇಳಿದ. ಅಲ್ಲಿ ಫಲಕ ಒರೆಸುತ್ತಿದ್ದ ಹೆಂಗಸು ಕನ್ನಡ ಬರದಿದ್ದರೂ ನನ್ನ ಮುಖ ನೋಡಿ ನಕ್ಕಳು.

ಇನ್ನೊಂದು. ಲಿಂಕನ್ ಅಪ್ಪ ಥಾಮಸ್ ಇದ್ದದ್ದೂ ಇದೇ ಜಿಲ್ಲೆಯಲ್ಲಿ. 1851ರಲ್ಲಿ ಅಪ್ಪ ಸಾಯುವಾಗ ಮಗ ಹೋಗಲಿಲ್ಲ. ಈಗ ಭೇಟಿ ಆದರೆ ಸಂತೋಷಕ್ಕಿಂತ ನೋವೇ ಜಾಸ್ತಿ ಆಗಬಹುದು ಅಂತ ಬರೆದು ಸುಮ್ಮನಾದ. ಈ ಜಿಲ್ಲೆ ಅವನಿಗೆ ಒಗ್ಗಲಿಲ್ಲ ಅಂತ ಕಾಣುತ್ತೆ.

ಉಪ್ಪು ಖಾರ:
ಇದನ್ನೆಲ್ಲ ಓದಿದ ಮೇಲೂ ಪಠ್ಯದಲ್ಲಿ 'ಪ್ರಾಮಾಣಿಕ ಏಬ್' (ಏಬ್ ಅಂದರೆ ಅಬ್ರಹಾಂ) ಅಂತಲೇ ಇರುತ್ತೆ. ರೈಲ್ವೆ ಕೇಸೂ ಹೇಳಿಬಿಡಿ.

ಕರಿಕೋಟು:
ಹೇಳಲೇಬೇಕಾ? ಹೇಳ್ತೀನಿ. 1853ರಲ್ಲಿ ಮೆಕ್‌ಲೀನ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇಲಿನಾಯ್ ಸೆಂಟ್ರಲ್ ರೈಲ್ವೆ ಮೇಲೆ ತೆರಿಗೆ ಹಾಕಿತು. ಕಂಪನಿಗೆ ರಾಜ್ಯ ಸರ್ಕಾರ ಅಂಥ ತೆರಿಗೆಯಿಂದ ವಿನಾಯಿತಿ ಕೊಟ್ಟಿತ್ತು. ದೊಡ್ಡ ಪ್ರಶ್ನೆ. ಲಿಂಕನ್ ಮೊದಲು ಪಕ್ಕದ ಷಾಂಪೇನ್ ಕೌಂಟಿಗೆ ಬರೆದರು: ರೈಲ್ವೆಯವರು ಕರೆಯುತ್ತಿದ್ದಾರೆ, ಆದರೆ ಮೊದಲ ಹಕ್ಕು ನಿಮ್ಮದು. ರಾಜ್ಯದಲ್ಲೇ ದೊಡ್ಡ ಕಾನೂನು ಪ್ರಶ್ನೆ ಇದು, ಫೀಸು ತಪ್ಪಿಸಿಕೊಳ್ಳೋಕೆ ನನ್ನಿಂದ ಆಗಲ್ಲ. ಆಮೇಲೆ ರೈಲ್ವೆ ಪರ ನಿಂತರು. 1856ರಲ್ಲಿ ಗೆದ್ದರು. 5 ಸಾವಿರ ಡಾಲರ್ ಬಿಲ್ಲು ಕಳಿಸಿದರು. ಆಗ ರಾಜ್ಯದ ಗವರ್ನರ್ ಸಂಬಳ ವರ್ಷಕ್ಕೆ ಒಂದೂವರೆ ಸಾವಿರ. ಕಂಪನಿ ಕೊಡಲಿಲ್ಲ. ಸ್ವಂತ ಕಕ್ಷಿಯ ಮೇಲೇ ದಾವೆ ಹೂಡಿ 1857ರಲ್ಲಿ ವಸೂಲಿ ಮಾಡಿದರು. ಆಮೇಲೂ ಅದೇ ಕಂಪನಿ ಕೆಲಸ ಮಾಡಿದರು.

ಇದೇ ಮನುಷ್ಯ 1856ರಲ್ಲಿ ಕ್ವಿನ್ಸಿ ಊರಿನ ಕಕ್ಷಿಯೊಬ್ಬ 25 ಡಾಲರ್ ಕಳಿಸಿದಾಗ, ನನ್ನನ್ನು ದುಬಾರಿ ಆಸಾಮಿ ಅಂದುಕೊಂಡಿದ್ದೀರಿ, ಈ ಕೆಲಸಕ್ಕೆ 15 ಸಾಕು ಅಂತ 10 ಡಾಲರ್ ವಾಪಸ್ ಕಳಿಸಿದ್ದಾರೆ. ಎರಡೂ ಪ್ರಾಮಾಣಿಕತೆಯೇ. ಕೆಲಸಕ್ಕೆ ತಕ್ಕ ಕೂಲಿ. ನೀವು 'ಪ್ರಾಮಾಣಿಕ' ಅನ್ನುವ ಪದಕ್ಕೆ 'ಸಂತ' ಅನ್ನುವ ಅರ್ಥ ಹಾಕುತ್ತಿದ್ದೀರಿ. ಅದು ಲಿಂಕನ್ ತಪ್ಪಲ್ಲ.

ತುಂಗೆಯ ಮೇಷ್ಟ್ರು:
ಈ ಮಾತು ಒಪ್ಪಬಹುದು. 1876ರಲ್ಲಿ ಫ್ರೆಡರಿಕ್ ಡಗ್ಲಸ್ ಹೇಳಿದ್ದು ನೆನಪಾಗುತ್ತೆ. ಈತ ಸ್ಟೀಫನ್ ಡಗ್ಲಸ್ ಅಲ್ಲ. ಗುಲಾಮನಾಗಿ ಹುಟ್ಟಿ ಓಡಿಬಂದು ದೊಡ್ಡ ಭಾಷಣಕಾರ ಆದವನು. ಲಿಂಕನ್ ಸ್ಮಾರಕ ತೆರೆಯುವ ದಿನ, ಅಧ್ಯಕ್ಷ ಗ್ರಾಂಟ್ ಎದುರಿಗೇ ಹೇಳಿದ: ಲಿಂಕನ್ ಮೊದಲಿಗೆ ಬಿಳಿಯರ ಅಧ್ಯಕ್ಷ. ಗುಲಾಮಗಿರಿ ಈಗಲೇ ಹೋಗಲಿ ಅನ್ನುವವರ ಕಡೆಯಿಂದ ನೋಡಿದರೆ ನಿಧಾನಿ, ತಣ್ಣಗಿನ ಮನುಷ್ಯ. ತನ್ನ ದೇಶದ ಜನರ ಮನಸ್ಸಿಗೆ ಹೋಲಿಸಿ ಅಳೆದರೆ ಚುರುಕು, ಗಟ್ಟಿ. ಹೊಗಳೋಕೆ ಕರೆದ ಸಭೆಯಲ್ಲಿ ಇದನ್ನು ಹೇಳೋಕೆ ಎಷ್ಟು ಧೈರ್ಯ ಬೇಕು!

ಹೇಮಾವತಿ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಎಲ್ಲ ಹೇಳಿದೆ. ಪಂಚಾಂಗದ ಕೇಸು ಕೇಳಿ ಕುಣಿದಳು. ಭಾಷಣ ಮೂರು ನಿಮಿಷ, ಅದರಲ್ಲಿ ಒಂದೂವರೆ ನಿಮಿಷ ಚಂದ್ರನಿಗೇ ಹೋಗುತ್ತೆ. ಶಿಕ್ಷಕರ ಪತ್ರ ತೆಗೆದು ಹಾಕಿದಳು. ಮೇಡಂ ಏನಂತಾರೋ ಅಂತ ಸ್ವಲ್ಪ ಭಯ ಇದೆ.

ಮ್ಯಾಟ್ಸನ್ ಕೇಸು ಹೇಳಿದಾಗ ತಟ್ಟೆಯಲ್ಲಿ ಅನ್ನ ಕಲಸುತ್ತಾ ಸುಮ್ನೆ ಕೂತಿದ್ದಳು. ಆಮೇಲೆ ಲಿಂಕನ್ ಬಗ್ಗೆ ಏನೂ ಕೇಳಲಿಲ್ಲ. "ಆ ನಾಲ್ಕು ಮಕ್ಕಳು ಆಮೇಲೆ ಎಲ್ಲಿಗೆ ಹೋದರು?" ಅಂದಳು.

ಪ್ರೇರಿ ಕನ್ನಡಿಗ:
ಲೈಬೀರಿಯಾಗೆ. ಆಫ್ರಿಕಾದ ಪಶ್ಚಿಮ ಕರಾವಳಿ. ಬಿಡುಗಡೆ ಆದ ಮೇಲೆ ಅಪ್ಪ ಅಮ್ಮನ ಜೊತೆ ಅಷ್ಟು ದೂರ ಹಡಗಿನಲ್ಲಿ ಹೋದರು. ಇಲಿನಾಯ್‌ನಲ್ಲಿ ಗುಲಾಮಗಿರಿ ಇಲ್ಲದಿದ್ದರೂ ಕರಿಯರಿಗೆ ವೋಟಿಲ್ಲ, ಬಿಳಿಯರ ವಿರುದ್ಧ ಸಾಕ್ಷಿ ಹೇಳೋಕೂ ಬಿಡುತ್ತಿರಲಿಲ್ಲ. ಕೇಸು ಗೆದ್ದ ಊರಲ್ಲೂ ಉಳಿಯೋ ಹಾಗಿರಲಿಲ್ಲ.

ಉಪ್ಪು ಖಾರ:
ಇದನ್ನೂ ಭಾಷಣದಲ್ಲಿ ಸೇರಿಸೋಕೆ ಹೇಳಿ. ಚಂದ್ರನಿಗೆ ಒಂದು ನಿಮಿಷ ಸಾಕು.

ಕರಿಕೋಟು:
ಇನ್ನೊಂದು ಮರೆತಿದ್ದೆ. ಮ್ಯಾಟ್ಸನ್ ಕೇಸು ಸೋತ ಮೇಲೆ ಲಿಂಕನ್‌ಗೆ ಫೀಸು ಕೊಡದೇ ಕೆಂಟಕಿಗೆ ಓಡಿಹೋದ ಅಂತ ಆ ಕಡೆಯವರು ಹೇಳುತ್ತಾರೆ. ವಕೀಲನಾಗಿ ಯಾವ ವಕೀಲನಿಗೂ ಫೀಸು ಮುಳುಗಬಾರದು ಅನ್ನುವವನು ನಾನು. ಈ ಒಂದು ಕೇಸಿನಲ್ಲಿ ಮಾತ್ರ ಮುಳುಗಲಿ ಅನ್ನಿಸಿತು.

ಉಪ್ಪು ಖಾರ:
ಏಕವಚನಕ್ಕೆ ಬಂದಿರಾ ಸಾರ್?

ಕರಿಕೋಟು:
ಇಲ್ಲ. ಫೀಸು ಮುಳುಗಲಿ, ಬಹುವಚನ ಇರಲಿ.